ಇಆರ್‌ಸಿಸಿ1 ಆಂಟಿಬಾಡಿ ತರಿಸುವ ಮುಂಚೆ ಇದನ್ನು ಓದಿ

ಶ್ವಾಸಕೋಶದ ಕ್ಯಾನ್ಸರ್ ಮೇಲೆ ಕೆಲಸ ಶುರು ಮಾಡಿರುವವರಿಗೆ, ಅದರಲ್ಲೂ ಹೊಸದಾಗಿ ಪಿಎಚ್‌ಡಿಗೆ ಸೇರಿದವರಿಗೆ ಇದನ್ನು ಬರೆಯುತ್ತಿದ್ದೇನೆ. ಆಂಟಿಬಾಡಿ ಅಂದರೆ ಒಂದು ಪ್ರೋಟೀನನ್ನು ಹುಡುಕಿ ಹಿಡಿಯುವ ಅಣು, ಅದು ಹಿಡಿದ ಜಾಗಕ್ಕೆ ಬಣ್ಣ ಬರುವ ಹಾಗೆ ಮಾಡುತ್ತೇವೆ. ಬೇರೆ ಪ್ರೋಟೀನನ್ನೂ ಹಿಡಿಯುವ ಆಂಟಿಬಾಡಿ ನಂಬಿ ನನ್ನ 8 ತಿಂಗಳು ಹೋಯಿತು. ಅದು ಹೋಗಲಿ. ರೋಗಿಗಳು ನಂಬಿ ಕೊಟ್ಟ ಗೆಡ್ಡೆಯ 60 ಸ್ಲೈಡ್ ಹಾಳಾದವು, ಅವರಲ್ಲಿ ಕೆಲವರು ಈಗ ಇಲ್ಲ. ಆ ಸ್ಲೈಡ್‌ಗಳು ಇನ್ನು ಸಿಗುವುದಿಲ್ಲ.

ಇಆರ್‌ಸಿಸಿ1 ಡಿಎನ್‌ಎ ರಿಪೇರಿಯ ಪ್ರೋಟೀನ್. ಇದಕ್ಕೆ ಎಕ್ಸ್‌ಪಿಎಫ್ ಅನ್ನೋ ಜೊತೆಗಾರ ಬೇಕೇ ಬೇಕು. ಕತ್ತರಿಸುವುದು ಎಕ್ಸ್‌ಪಿಎಫ್, ಅದನ್ನು ಡಿಎನ್‌ಎ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವುದು ಇಆರ್‌ಸಿಸಿ1. ಸಿಸ್‌ಪ್ಲಾಟಿನ್ ಅನ್ನೋ ಕ್ಯಾನ್ಸರ್ ಔಷಧ ಡಿಎನ್‌ಎಗೆ ಗಂಟು ಹಾಕಿದರೆ ಆ ತುಂಡನ್ನು ಕತ್ತರಿಸಿ ತೆಗೆಯುವ ಕೆಲಸದಲ್ಲಿ ಈ ಜೋಡಿ ಇರುತ್ತದೆ. ಹಾಗಾಗಿ ಗೆಡ್ಡೆಯಲ್ಲಿ ಇಆರ್‌ಸಿಸಿ1 ಜಾಸ್ತಿ ಇದ್ದರೆ ಸಿಸ್‌ಪ್ಲಾಟಿನ್ ನಾಟುವುದಿಲ್ಲ ಅನ್ನೋ ಲೆಕ್ಕ. 2006ರಲ್ಲಿ 761 ಗೆಡ್ಡೆಗಳಿಗೆ 8ಎಫ್1 ಅನ್ನೋ ಆಂಟಿಬಾಡಿ ಹಾಕಿ ಇದನ್ನೇ ತೋರಿಸಿದ್ದರು. ನಾನೂ ಅದೇ ಕ್ಲೋನ್, ಅಂದರೆ ಅದೇ 8ಎಫ್1 ಆಂಟಿಬಾಡಿ ತರಿಸಿದೆ.

ಮೊದಲ ಸ್ಲೈಡ್ ನೋಡಿದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನ್ಯೂಕ್ಲಿಯಸ್‌ಗಳೆಲ್ಲ ಗಟ್ಟಿ ಡಿಕಾಕ್ಷನ್ ಬಣ್ಣ, ಸುತ್ತ ಏನೂ ಇಲ್ಲ, ಅಷ್ಟು ಸ್ವಚ್ಛ. ರಿಪೇರಿ ಪ್ರೋಟೀನ್ ಇರಬೇಕಾದದ್ದು ನ್ಯೂಕ್ಲಿಯಸ್‌ನಲ್ಲೇ ಅಲ್ವಾ? ಬಣ್ಣ ಬರಲೇಬೇಕಾದ ಟಾನ್ಸಿಲ್ ಕಂಟ್ರೋಲ್ ಚೆನ್ನಾಗಿ ಬಂದಿತ್ತು, ಪ್ರೈಮರಿ (ಅಂದರೆ 8ಎಫ್1) ಹಾಕದ ಸ್ಲೈಡ್‌ನಲ್ಲಿ ಬಣ್ಣ ಇರಲಿಲ್ಲ. ಇಷ್ಟು ಸಾಕು ಅಂದುಕೊಂಡೆ. ಸಾಲದು. ಆಂಟಿಬಾಡಿ ಏನನ್ನೋ ಹಿಡಿದಿದೆ ಅಂತಷ್ಟೇ ಇವುಗಳಿಂದ ಗೊತ್ತಾಗುತ್ತದೆ, ಯಾವುದನ್ನು ಅಂತ ಗೊತ್ತಾಗುವುದಿಲ್ಲ.

ಎಲ್ಲ ಸ್ಲೈಡ್ ಮುಗಿದು ಬಣ್ಣ ಎಷ್ಟಿದೆ ಅಂತ ಅಂಕ ಕೊಡುತ್ತಾ ಕೂತಿದ್ದಾಗ ಪಕ್ಕದ ಲ್ಯಾಬಿನ ಗೆಳತಿ ಇಆರ್‌ಸಿಸಿ1 ಜೀನ್ ತೆಗೆದ ಎ549 ಕೋಶಗಳನ್ನು (ಲ್ಯಾಬಿನಲ್ಲಿ ಬೆಳೆಸುವ ಶ್ವಾಸಕೋಶದ ಕ್ಯಾನ್ಸರ್ ಕೋಶಗಳು) ಕೊಟ್ಟು, "ಸುಮ್ನೆ ಒಂದು ಸಲ ಹಾಕಿ ನೋಡು" ಅಂದಳು. ಅವುಗಳ ನ್ಯೂಕ್ಲಿಯಸ್ ಖಾಲಿ ಕಾಣಬೇಕಿತ್ತು. ಅದೇ ಡಿಕಾಕ್ಷನ್ ಬಣ್ಣ. ಟ್ಯೂಬ್ ಅದಲುಬದಲಾಗಿರಬೇಕು ಅಂತ ಮತ್ತೆ ಮಾಡಿದೆ, ಮತ್ತೆ ಅದೇ. ಕೊನೆಗೆ ವೆಸ್ಟರ್ನ್ ಮಾಡಿದೆ, ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ ಆಂಟಿಬಾಡಿ ಯಾವುದನ್ನು ಹಿಡಿಯುತ್ತದೆ ಅಂತ ನೋಡುವ ಪರೀಕ್ಷೆ. ಮಾಮೂಲಿ ಕೋಶಗಳ ಲೇನಿನಲ್ಲಿ ಎರಡು ಬ್ಯಾಂಡ್, ಒಂದರ ಮೇಲೊಂದು, ಎಷ್ಟು ಹತ್ತಿರ ಅಂದರೆ ಜೆಲ್ ಅನ್ನು ಸ್ವಲ್ಪ ಬೇಗ ನಿಲ್ಲಿಸಿದ್ದರೂ ಒಂದೇ ಅನ್ನಿಸುತ್ತಿತ್ತು. ಜೀನ್ ತೆಗೆದ ಕೋಶಗಳಲ್ಲಿ ಕೆಳಗಿನ ಬ್ಯಾಂಡ್ ಇರಲಿಲ್ಲ. ಮೇಲಿನದು ಹಾಗೇ ಇತ್ತು, ಅಂದರೆ ಅದು ಇಆರ್‌ಸಿಸಿ1 ಅಲ್ಲ, ಬೇರೆ ಯಾವುದೋ ಪ್ರೋಟೀನ್.

ಮಾರಿದವರಿಗೆ ಚಿತ್ರ ಕಳಿಸಿದೆ. ಡೈಲ್ಯೂಷನ್ (ಆಂಟಿಬಾಡಿ ತೆಳು ಮಾಡುವ ಪ್ರಮಾಣ) ಬದಲಿಸಿ ನೋಡಿ ಅಂತ ಉತ್ತರ ಬಂತು.

ಆಮೇಲೆ ಕೂತು ಓದಿದೆ, ಮೊದಲೇ ಓದಬೇಕಿತ್ತು. 8ಎಫ್1 ಪಿಸಿವೈಟಿ1ಎ ಅನ್ನೂ ಹಿಡಿಯುತ್ತದೆ ಅಂತ ಪ್ರಕಟವಾಗಿಯೇ ಇದೆ. ಅದು ಕೋಶದ ಪೊರೆಯ ಕೊಬ್ಬು ತಯಾರಿಸುವ ಕಿಣ್ವ, ರಿಪೇರಿಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ನ್ಯೂಕ್ಲಿಯಸ್‌ನಲ್ಲೂ ಇರುತ್ತದೆ. 2006ರ ತಂಡದವರೇ ಸೇರಿ 2013ರಲ್ಲಿ ಬೇರೆ 494 ರೋಗಿಗಳಲ್ಲಿ ಪರೀಕ್ಷೆ ಮಾಡಿದಾಗ ಹಳೆಯ ಫಲಿತಾಂಶ ಬರಲಿಲ್ಲ. ಈ ನಡುವೆ 8ಎಫ್1 ಕೆಲಸ ಮಾಡುವ ರೀತಿಯೇ ಬದಲಾಗಿರಬೇಕು ಅಂತ ಅವರೇ ಬರೆದರು. ನನಗೆ ಜಾಸ್ತಿ ನೋವಾದದ್ದು ಮುಂದಿನ ಸಾಲು ಓದಿ. ಇಆರ್‌ಸಿಸಿ1ಗೆ ನಾಲ್ಕು ರೂಪಗಳಿವೆ, ಪೂರ್ತಿ ರಿಪೇರಿ ಮಾಡಬಲ್ಲದ್ದು ಅದರಲ್ಲಿ ಒಂದೇ. ಅವರು ಮಾರುಕಟ್ಟೆಯ 16 ಆಂಟಿಬಾಡಿ ನೋಡಿದರು, ಒಂದಕ್ಕೂ ಆ ರೂಪಗಳನ್ನು ಬೇರೆ ಮಾಡಿ ಗುರುತಿಸಲು ಆಗಲಿಲ್ಲ. ಅಂದರೆ ನನ್ನ ಆಂಟಿಬಾಡಿ ಇಆರ್‌ಸಿಸಿ1 ಒಂದನ್ನೇ ಹಿಡಿದಿದ್ದರೂ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ.

ದಯವಿಟ್ಟು ರೋಗಿಗಳ ಸ್ಲೈಡ್ ಮುಟ್ಟುವ ಮುಂಚೆ ಜೀನ್ ಇರುವ ಮತ್ತು ಜೀನ್ ತೆಗೆದ ಕೋಶಗಳನ್ನು ಗೆಡ್ಡೆಯ ಹಾಗೆಯೇ ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಅಕ್ಕಪಕ್ಕ ಬಣ್ಣ ಹಾಕಿ ನೋಡಿ. ವೆಸ್ಟರ್ನ್‌ನಲ್ಲಿ ಸರಿ ಬಂದದ್ದು ಮೇಣದ ಅಂಗಾಂಶದಲ್ಲೂ ಸರಿ ಬರಬೇಕು ಅಂತೇನಿಲ್ಲ. ಡೇಟಾಶೀಟ್‌ನಲ್ಲಿ ನಾಕ್‌ಔಟ್ ಲೇನ್ (ಜೀನ್ ತೆಗೆದ ಕೋಶಗಳ ವೆಸ್ಟರ್ನ್ ಫಲಿತಾಂಶ) ಇಲ್ಲದಿದ್ದರೆ ಕೇಳಿ, ಕೊಡದಿದ್ದರೆ ಕೊಳ್ಳಬೇಡಿ. ಲಾಟ್ ನಂಬರ್ (ಯಾವ ಸಲ ತಯಾರಿಸಿದ್ದು ಅನ್ನೋ ಸಂಖ್ಯೆ) ಬರೆದಿಡಿ, ಹೊಸ ಲಾಟ್ ಬಂದಾಗ ಇದೇ ಪರೀಕ್ಷೆ ಮತ್ತೆ ಮಾಡಿ.

ಗೆಳತಿ ಕೊಟ್ಟ ಕೋಶಗಳ ಕೆಲವು ವಯಲ್ ನಮ್ಮ ನೈಟ್ರೋಜನ್ ಟ್ಯಾಂಕಿನಲ್ಲಿವೆ. ಹಂಚಲು ಅವಳು ಒಪ್ಪಿದ್ದಾಳೆ. ಬೇಕಾದವರು ಕೇಳಿ.