ಪದ್ಮಿನಿಗೆ ಜಿಪ್ಸಿ ಗೇರ್‌ಬಾಕ್ಸ್: 6 ವರ್ಷ, 41,000 ಕಿಲೋಮೀಟರ್ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪ್ರೀಮಿಯರ್ ಪದ್ಮಿನಿ ಕಾರಿಗೆ ಮಾರುತಿ ಜಿಪ್ಸಿ ಕಿಂಗ್ ಜೀಪಿನ 1298 ಸಿಸಿ ಎಂಜಿನ್ ಕೂರಿಸಬೇಕು ಅಂತಿದ್ದರೆ ಅದರದೇ 5 ಗೇರಿನ ಬಾಕ್ಸನ್ನೂ ಹಾಕಿಸಿ. ಹಳೇ 4 ಗೇರಿನ ಬಾಕ್ಸ್ ಉಳಿಸಿಕೊಳ್ಳೋಕೆ ಹೋಗಬೇಡಿ. ನಾನು ಎರಡನ್ನೂ ಹಾಕಿಸಿ ಓಡಿಸಿದ್ದೇನೆ. ಎರಡಕ್ಕೂ ದುಡ್ಡು ಕೊಟ್ಟಿದ್ದೇನೆ.

ಗಾಡಿ 1984ರದು. ಅಪ್ಪ ಬೆಳಗಾವಿಯಲ್ಲಿ ಕೊಂಡಿದ್ದು. ನಾನು ಕೆಲಸಕ್ಕೆ ಅಂತ ಪುಣೆಗೆ ಬಂದೆ, ಕೋಥ್ರೂಡ್‌ನಲ್ಲಿ ಮನೆ ಮಾಡಿದೆ, ಗಾಡಿಯೂ ಜೊತೆಗೆ ಬಂತು. 2017ರಲ್ಲಿ ಮೂಲ 1089 ಸಿಸಿ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿತು. ಗಾಡಿ ಮಾರುವ ಮಾತೇ ಇರಲಿಲ್ಲ, ಹಾಗಾಗಿ ಅದನ್ನು ತೆಗೆದು ಜಿಪ್ಸಿ ಎಂಜಿನ್ ಹಾಕಿಸಿದೆ.

ಆಗ ಸ್ಟಿಯರಿಂಗ್ ಪಕ್ಕದ ಗೇರ್ ಲಿವರ್ ಬಿಡೋಕೆ ಮನಸ್ಸಾಗಲಿಲ್ಲ. ಅಪ್ಪನ ಕೈ ಸವೆಸಿದ ಲಿವರ್ ಅದು. ಅದಿದ್ದರೆ ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ ಕೂರಬಹುದು, ಅಮ್ಮ ಯಾವಾಗಲೂ ನಡುವೆ ಕೂರುತ್ತಿದ್ದರು. ಹಾಗಾಗಿ ಹೊಸ ಎಂಜಿನ್ನಿಗೂ ಹಳೇ ಬಾಕ್ಸಿಗೂ ನಡುವೆ ಎರಡನ್ನೂ ಜೋಡಿಸುವ ಲೋಹದ ಅಡಾಪ್ಟರ್ ಪ್ಲೇಟ್ ಹಾಕಿಸಿದೆ. ಮಾಡಿಕೊಟ್ಟ ಗ್ಯಾರೇಜಿನ ಹೆಸರು ಹೇಳಲ್ಲ. ಪ್ಲೇಟ್ ನೋಡೋಕೆ ಚೆನ್ನಾಗಿಯೇ ಇತ್ತು, ಬೋಲ್ಟ್‌ಗಳೆಲ್ಲ ಸರಿಯಾಗಿ ಕೂತಿದ್ದವು. ಆದರೆ ಮೊದಲ ತಿಂಗಳಿಂದಲೇ ಕ್ಲಚ್ ಬಿಡುವಾಗ ನಡುಕ. ಆರು ತಿಂಗಳಿಗೆ ಊಳಿಡುವ ಸದ್ದು ಶುರು. ಒಂದೂವರೆ ವರ್ಷಕ್ಕೆ ಎರಡನೇ ಗೇರ್ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬರತೊಡಗಿತು.

ಬಿಚ್ಚಿದ ಮೇಲೆ ಪುಣೆ ಹತ್ತಿರದ ಭೋಸರಿಯ ಒಬ್ಬ ಲೇಥ್ ಮಾಸ್ತರರು ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವ್ಹೀಲ್ ಮೇಲೆ, ಕೂದಲೆಳೆ ಅಂತರ ಅಳೆಯುವ ಡಯಲ್ ಗೇಜ್ ಕಟ್ಟಿದರು. ಅದರ ಕಡ್ಡಿ ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚದ, ಅಂದರೆ ಬೆಲ್‌ಹೌಸಿಂಗ್‌ನ ದುಂಡು ತೂತಿಗೆ ತಾಗುವ ಹಾಗೆ ಇಟ್ಟು ಕೈಯಿಂದ ಎಂಜಿನ್ ತಿರುಗಿಸಿದರು. ಕೇಂದ್ರಕ್ಕೆ ಕೇಂದ್ರ ಸರಿಯಾಗಿದ್ದರೆ ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ಇರಬೇಕು, 0.1 ಮಿ.ಮೀ. ಆಸುಪಾಸು ಅಲ್ಲಾಡಿದರೆ ಪರವಾಗಿಲ್ಲ. ನಮ್ಮದು 0.4 ದಾಟಿತು. ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಒಳಗೆ ತರುವ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದೂವರೆ ವರ್ಷ ಪ್ರತಿ ಸುತ್ತಿಗೂ ಬಗ್ಗುತ್ತಾ ತಿರುಗಿತ್ತು. ಬೇರಿಂಗ್ ಹೋಯಿತು, ಅದರ ಹಿಂದೆ ಗೇರ್ ಸಲೀಸಾಗಿ ಬೀಳೋಕೆ ಇರುವ ಹಿತ್ತಾಳೆ ಉಂಗುರ, ಅಂದರೆ ಸಿಂಕ್ರೊ ಹೋಯಿತು. ಆ ಬಾಕ್ಸಿನದು ಏನೂ ತಪ್ಪಿಲ್ಲ. ಮೂವತ್ತೈದು ವರ್ಷ ದುಡಿದ ಬಾಕ್ಸು ಅದು. ಅಡಾಪ್ಟರ್ ಪ್ಲೇಟ್ ಹಾಕಿಸುವವರು ದಯವಿಟ್ಟು ಈ ಒಂದು ಅಳತೆ ತೆಗೆಸದೆ ಗಾಡಿ ತಗೊಂಡು ಬರಬೇಡಿ.

ಹಳೇದು ಬಿಟ್ಟು ಜಿಪ್ಸಿ ಬಾಕ್ಸ್ ಹಾಕಿಸ್ತೀನಿ ಅಂದಾಗ ಎಲ್ಲರೂ ಒಂದೇ ಮಾತು ಹೇಳಿದರು. ಅದು ಗುಡ್ಡ ಹತ್ತೋ ಗಾಡಿ, ಗೇರ್ ತುಂಬಾ ಲೋ, ಹೈವೇಯಲ್ಲಿ ಎಂಜಿನ್ ಕಿರುಚುತ್ತೆ. ಕೇಳೋಕೆ ಸರಿ ಅನಿಸುತ್ತೆ, ಅಲ್ವಾ? ಆದರೆ ಸರಿಯಲ್ಲ. ಜಿಪ್ಸಿಯ ಗೇರ್ ಲೋ ಆಗೋದು ಗೇರ್‌ಬಾಕ್ಸಿನಿಂದ ಅಲ್ಲ, ಅದರ ಹಿಂದೆ ಬೇರೆಯಾಗಿ ಕೂತಿರುವ ಟ್ರಾನ್ಸ್‌ಫರ್ ಕೇಸ್‌ನಿಂದ. ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ ಅದು. ಬೇರೆ ಗಾಡಿಗಳಲ್ಲಿ ಅದರ ಮಾಮೂಲಿ ರಸ್ತೆಯ ಗೇರ್, ಅಂದರೆ ಹೈ ರೇಂಜ್, ಸಾಮಾನ್ಯವಾಗಿ ಒಂದಕ್ಕೊಂದು. ಜಿಪ್ಸಿಯಲ್ಲಿ ಹೈ ರೇಂಜ್‌ನಲ್ಲೂ ಸುಮಾರು 1.4 ಪಟ್ಟು ಇಳಿಕೆ ಇರುತ್ತೆ. ಪದ್ಮಿನಿಗೆ ಟ್ರಾನ್ಸ್‌ಫರ್ ಕೇಸ್ ಬೇಕಾಗಿಲ್ಲ. ಅದನ್ನು ತೆಗೆದರೆ ಉಳಿಯೋದು ಮಾಮೂಲಿ ಕಾರಿನ ಗೇರ್‌ಬಾಕ್ಸ್. ಬಾಕ್ಸಿನ ಹಿಂದಿನ ಶಾಫ್ಟ್ ಒಂದು ಸುತ್ತು ತಿರುಗೋಕೆ ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕದಲ್ಲಿ: ಮೊದಲನೆಯದು 3.652, ಎರಡು 1.947, ಮೂರು 1.423, ನಾಲ್ಕು ನೇರ 1, ಐದು 0.795.

ಆದರೆ ಇದು ನನ್ನ ಹಿಂದಿನ ಆಕ್ಸಲ್‌ಗೆ ಹೊಂದುತ್ತಾ? ಹಿಂದಿನ ಒಂದು ಚಕ್ರ ಜಾಕ್ ಮೇಲೆ ಎತ್ತಿದೆ. ಇನ್ನೊಂದು ನೆಲದ ಮೇಲೆ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್. ಟೈರಿಗೂ, ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದೆ. ನಾನು ಚಕ್ರ ತಿರುಗಿಸಿದೆ, ಮಗಳು ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಇಟ್ಟು ಶಾಫ್ಟಿನ ಗೆರೆ ಎಣಿಸಿದಳು. ಚಕ್ರ 20 ಸುತ್ತು, ಶಾಫ್ಟ್ 43 ಸುತ್ತು. ಒಂದು ಚಕ್ರ ನಿಂತಿದ್ದರೆ ಎತ್ತಿದ ಚಕ್ರ ದುಪ್ಪಟ್ಟು ತಿರುಗುತ್ತೆ, ಹಾಗಾಗಿ 20ನ್ನು 10 ಅಂತ ಹಿಡಿಯಬೇಕು. 43 ಭಾಗಿಸು 10, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.3 ಸುತ್ತು. ನನ್ನದು 155/80 ಆರ್14 ಟೈರ್, ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗುತ್ತೆ. ಲೆಕ್ಕ ಹಾಕಿದರೆ ಗಂಟೆಗೆ 80ರಲ್ಲಿ ನಾಲ್ಕನೇ ಗೇರಿಗೆ ಸುಮಾರು 3,000 ಆರ್‌ಪಿಎಂ, ಐದನೇ ಗೇರಿಗೆ ಸುಮಾರು 2,400. ಆ ರಾತ್ರಿಯೇ ನಿರ್ಧಾರ ಮಾಡಿದೆ. ಯಾವ ಬಾಕ್ಸ್ ಅಂತ ಹುಡುಕೋಕೆ ಮುಂಚೆ ಈ ಲೆಕ್ಕ ಮಾಡಿ. ಬೋಲ್ಟ್ ಕೂತರೆ ಸಾಕು ಅಂದುಕೊಂಡೇ ನಾನು ಮೊದಲ ಸಲ ಸೋತಿದ್ದು.

ಬಾಕ್ಸ್ ಸಿಕ್ಕಿದ್ದು ಮುಂಬೈನ ಕುರ್ಲಾದಲ್ಲಿ, ಸಿಎಸ್‌ಟಿ ರೋಡಿನ ಹಳೇ ಪಾರ್ಟ್ಸ್ ಅಂಗಡಿ ಸಾಲಿನಲ್ಲಿ. ಇದೇ ಕುರ್ಲಾದ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಪದ್ಮಿನಿಗಳು ತಯಾರಾಗುತ್ತಿದ್ದವು. ಅಲ್ಲಿಂದ ಬಾಕ್ಸ್ ಹೊತ್ತು ತರುವಾಗ ತುಂಬಾ ಖುಷಿಯಾಗಿತ್ತು. ಕೊಳ್ಳುವಾಗ ಒಂದು ಎಚ್ಚರ: ತುಂಬಾ ಹಳೇ 970 ಸಿಸಿ ಜಿಪ್ಸಿಯದು 4 ಗೇರಿನ ಬಾಕ್ಸ್, ಅದು ಬೇಡ. ಇನ್‌ಪುಟ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಡ್ರೈನ್ ಪ್ಲಗ್ ಬಿಚ್ಚಿಸಿ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿಯಿರಿ. ಹಿತ್ತಾಳೆ ಪುಡಿ ಮಿನುಗಿದರೆ ಸಿಂಕ್ರೊ ಸವೆದಿದೆ ಅಂತ. ಅಂಗಡಿಯವರು ಬಿಚ್ಚೋಕೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಟ್ರಾನ್ಸ್‌ಫರ್ ಕೇಸ್‌ಗೆ ಹೋಗುವ ಸಣ್ಣ ಶಾಫ್ಟ್ ಸಿಕ್ಕರೆ ಅದನ್ನೂ ಬಿಡಬೇಡಿ. ಅದರ ಮುಂದಿನ ಯೋಕ್, ಅಂದರೆ ಜಾಯಿಂಟ್ ಕೂರುವ ಕವಲು, ಇಟ್ಟುಕೊಂಡೇ ನಮ್ಮ ಹೊಸ ಶಾಫ್ಟ್ ಮಾಡಿದ್ದು.

ಕೂರಿಸುವ ಕೆಲಸಕ್ಕೆ 19 ದಿನ ಹಿಡಿಯಿತು. ಎಂಜಿನ್ನಿಗೆ ಬಾಕ್ಸ್ ಸಲೀಸಾಗಿ ಕೂತಿತು, ಜೊತೆಗೇ ಹುಟ್ಟಿದವು ತಾನೇ. ಗಾಡಿಗೆ ಹೊಂದಿಸುವುದೇ ಕಷ್ಟದ ಕೆಲಸ. ಹಿಂದಿನ ಮೌಂಟ್‌ಗೆ ಹೊಸ ಅಡ್ಡಪಟ್ಟಿ ಮಾಡಿಸಿದೆವು. ಕ್ಲಚ್ ಕೇಬಲ್‌ನದು, ಅದಕ್ಕೆ ಪೆಡಲ್‌ಗೆ ಒಂದು ಬ್ರಾಕೆಟ್ ವೆಲ್ಡ್ ಮಾಡಿದರು. ನೆಲದ ಟನಲ್ ಕೊರೆದು ಲಿವರ್ ಮೇಲೆ ತಂದಾಗ ಅದು ಸರಿಯಾಗಿ ಸೀಟಿನ ಅಂಚಿಗೇ ಬಂತು. ಒಂದು, ಮೂರು, ಐದು ಸರಿ. ಎರಡು, ನಾಲ್ಕಕ್ಕೆ ಹಿಂದೆ ಎಳೆದರೆ ಸೀಟಿಗೆ ತಾಗುತ್ತಿತ್ತು. ಲಿವರ್ ಕಾಯಿಸಿ ಮುಂದಕ್ಕೆ ಬಗ್ಗಿಸಿದರು. ಈಗ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. ಆದರೆ ನಡುವೆ ಯಾರೂ ಕೂರೋಕಾಗಲ್ಲ. ಅಮ್ಮ ಈಗ ಹಿಂದೆ ಕೂರುತ್ತಾರೆ. ಇದೊಂದು ನನಗೆ ಇವತ್ತಿಗೂ ಬೇಜಾರು.

ಇನ್ನೊಂದು ವಿಷಯ ಯಾರೂ ಮೊದಲು ಹೇಳಿರಲಿಲ್ಲ. ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸ್‌ನಿಂದ ಬರುತ್ತೆ, ಗೇರ್‌ಬಾಕ್ಸಿನಿಂದ ಅಲ್ಲ. ಕೇಸ್ ಇಲ್ಲ ಅಂದರೆ ಸ್ಪೀಡೋಮೀಟರೂ ಇಲ್ಲ. ನಾನು ಜಿಪಿಎಸ್ ಮೀಟರ್ ಹಾಕಿದೆ, ಹಳೇ ಮೀಟರ್ ಡ್ಯಾಶ್‌ಬೋರ್ಡ್‌ನಲ್ಲಿ ಸುಮ್ನೆ ಇದೆ.

ಓಡಿಸೋಕೆ ಹೇಗಿದೆ? ಪುಣೆ–ಬೆಳಗಾವಿ ಸುಮಾರು 340 ಕಿಲೋಮೀಟರ್, ವರ್ಷಕ್ಕೆ ಆರೇಳು ಸಲ ಹೋಗಿಬರುತ್ತೇನೆ. ಸಾತಾರಾ ದಾಟಿದ ಮೇಲೆ ಐದನೇ ಗೇರಿಗೆ ಹಾಕಿ 80ಕ್ಕೆ ನಿಲ್ಲಿಸಿದರೆ ಮನೆಯವರ ಮಾತು ಕೇಳಿಸುತ್ತೆ. ಮೊದಲು ಕಿರುಚಿಕೊಂಡೇ ಮಾತಾಡಬೇಕಿತ್ತು. ಖಂಬಾಟ್ಕಿ ಘಾಟ್ ಮೂರನೇ ಗೇರಿನಲ್ಲಿ ಹತ್ತುತ್ತೆ, ನಿಪ್ಪಾಣಿ ಹತ್ತಿರದ ತವಂದಿ ಘಾಟಿಗೆ ಬಹಳ ಸಲ ನಾಲ್ಕೇ ಸಾಕು. ಹೈವೇಯಲ್ಲಿ ಲೀಟರಿಗೆ 14ರಿಂದ 15. ಇಷ್ಟವಾಗದ್ದು ಮೊದಲನೇ ಗೇರಿಗೂ ಎರಡನೆಯದಕ್ಕೂ ಇರುವ ಅಂತರ. 3.652ರಿಂದ 1.947ಕ್ಕೆ ಇಳಿಯೋದು ಜಾಸ್ತಿಯಾಯಿತು. ಕಾತ್ರಜ್ ಹಳೇ ಘಾಟಿನಲ್ಲಿ ಲಾರಿ ಹಿಂದೆ ಸಿಕ್ಕಿಬಿದ್ದರೆ ಒಂದರಲ್ಲಿ ಎಂಜಿನ್ ಒದ್ದಾಡುತ್ತೆ, ಎರಡರಲ್ಲಿ ಉಸಿರು ಕಟ್ಟುತ್ತೆ. ಇದಕ್ಕೆ ಔಷಧಿ ಇಲ್ಲ, ಲಾರಿಯಿಂದ ದೂರ ಉಳಿಯಬೇಕು ಅಷ್ಟೇ.

ಕೆಟ್ಟದ್ದು ಏನೇನು? ಮೊದಲ ವರ್ಷ 70–75ರಲ್ಲಿ ನೆಲದಡಿ ನಡುಕ ಬರುತ್ತಿತ್ತು. ಶಾಫ್ಟ್ ಎರಡು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ. ಕೊನೆಗೆ ನೋಡಿದರೆ ಬಾಕ್ಸಿನ ಬಾಲ ಕೆಳಗೆ ಇಳಿದಿತ್ತು, ಶಾಫ್ಟಿನ ಜಾಯಿಂಟ್‌ಗಳ ಕೋನ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೌಂಟ್ ಕೆಳಗೆ 6 ಮಿ.ಮೀ. ಪಟ್ಟಿ ಕೊಟ್ಟ ಮೇಲೆ ನಿಂತಿತು. 22,000ಕ್ಕೆ ಕ್ಲಚ್ ಕೇಬಲ್ ತುಂಡಾಯಿತು, ಸೈಲೆನ್ಸರ್ ಪೈಪಿಗೆ ತೀರಾ ಹತ್ತಿರ ಎಳೆದಿದ್ದೆವು. ಕರಾಡ್ ಹತ್ತಿರ ಒಮ್ಮೆ ಲಿವರ್ ಗಂಜಿಯಲ್ಲಿಟ್ಟ ಸೌಟಿನ ಹಾಗೆ ಅಲ್ಲಾಡತೊಡಗಿತು. ಲಿವರ್ ಬುಡದಲ್ಲಿ ಒಂದು ಪ್ಲಾಸ್ಟಿಕ್ ಬುಶ್ ಇರುತ್ತೆ, ಹಳೇ ಬಾಕ್ಸ್ ಆದ್ದರಿಂದ ಅದು ಸವೆದು ಪುಡಿಯಾಗಿತ್ತು. ಮೂರನೇ ಗೇರಿನಲ್ಲೇ ಕೊಲ್ಹಾಪುರ ತಲುಪಿದೆವು. ಬುಶ್ ಸಣ್ಣದು, ಅಗ್ಗದ್ದು, ಈಗ ಗ್ಲೋವ್ ಬಾಕ್ಸಿನಲ್ಲಿ ಎರಡು ಇಟ್ಟುಕೊಂಡಿರುತ್ತೇನೆ. ನೀವು ಬಾಕ್ಸ್ ಕೂರಿಸುವ ಮುಂಚೆಯೇ ಬದಲಾಯಿಸಿಬಿಡಿ. ಎಣ್ಣೆ ಜಿಎಲ್-4 ದರ್ಜೆಯದನ್ನೇ ಹಾಕುತ್ತೇನೆ, 1.3 ಲೀಟರ್ ಹಿಡಿಯುತ್ತೆ, 20,000ಕ್ಕೊಮ್ಮೆ ಬದಲು. ಒಳಗಿನ ಗೇರ್‌ಗಳು ಇವತ್ತಿಗೂ ಒಂದು ಸದ್ದು ಮಾಡಿಲ್ಲ.

ಖರ್ಚು 2019ರ ಲೆಕ್ಕದಲ್ಲಿ: ಬಾಕ್ಸ್ 14,000, ಶಾಫ್ಟ್ ಮತ್ತು ಬ್ಯಾಲೆನ್ಸಿಂಗ್ 6,500, ಉಳಿದ ಕೆಲಸ, ಕೂಲಿ ಸೇರಿ ಇನ್ನೊಂದು 18,000. ಅಡಾಪ್ಟರ್ ಪ್ಲೇಟಿಗೆ ಮೊದಲು ಕೊಟ್ಟ 11,000 ನೀರಿಗೆ ಹೋಯಿತು. ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಆರ್‌ಸಿಯಲ್ಲಿ ಬರೆಸಿ, ವಿಮೆಯವರಿಗೂ ತಿಳಿಸಿ. ಬ್ರೇಕ್ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು. ಐದನೇ ಗೇರ್ ಇದೆ ಅಂತ 100ಕ್ಕೆ ಹೋಗಬೇಡಿ. ನಾನು ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸುವ ತನಕ 80 ದಾಟಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ.

ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ನಿಂತ ಮೇಲೆ ಹಳೇ ಬಾಕ್ಸಿನ ಒಳಗಿನ ಪಾರ್ಟ್ಸ್ ನನಗೆ ಸಿಗೋದು ಕಮ್ಮಿಯಾಗಿದೆ. ಜಿಪ್ಸಿ ಪಾರ್ಟ್ಸ್ ಪುಣೆಯ ನಾನಾ ಪೇಟೆಯಲ್ಲಿ ಇನ್ನೂ ಕೇಳಿದ ದಿನವೇ ಸಿಗುತ್ತವೆ. ಬಾಕ್ಸಿನ ಹಿಂದಿನ ಆಯಿಲ್ ಸೀಲ್ ಈಚೆಗೆ ಸ್ವಲ್ಪ ಬೆವರುತ್ತಿದೆ. ಮಳೆಗಾಲಕ್ಕೆ ಮುಂಚೆ ಬದಲಾಯಿಸಬೇಕು, ಸೀಲ್ ತಂದಿಟ್ಟಾಗಿದೆ.