ಮಿನೆಸೋಟದ ಐದು ಚಳಿಗಾಲ, ಒಂದು ಹಾಟ್ ಟಬ್, ಎರಡು ಸೆನ್ಸರ್

ನಮ್ಮ ಹಿತ್ತಲಿನ ಡೆಕ್ ಮೇಲೆ ಹಾಟ್ ಟಬ್, ಅಂದರೆ ಬಿಸಿನೀರಲ್ಲಿ ಕೂರುವ ದೊಡ್ಡ ತೊಟ್ಟಿ, ಬಂದು ಇದು ಐದನೇ ಚಳಿಗಾಲ. ಆರು ಜನ ಕೂರಬಹುದಾದ 240 ವೋಲ್ಟಿನ ಟಬ್. ಜೆಟ್ಟು, ಲೈಟು ಎಲ್ಲ ಚೆನ್ನಾಗಿವೆ. ಸ್ಪೀಕರ್ ಎರಡನೇ ವರ್ಷಕ್ಕೇ ಕೆಟ್ಟಿತು, ಮನೆಯಲ್ಲಿ ಯಾರೂ ಅದನ್ನು ಕೇಳಲೂ ಇಲ್ಲ. ನನ್ನ ದುಡ್ಡು, ನಿದ್ದೆ ಎರಡನ್ನೂ ತಿಂದದ್ದು ಸೆನ್ಸರ್‌ಗಳು, ಹಾಗಾಗಿ ಅವುಗಳ ಬಗ್ಗೆಯೇ ಬರೆಯುತ್ತೇನೆ.

ಊರಲ್ಲಿ ಹಂಡೆ ನೀರಿಗೆ ಕೈ ಅದ್ದಿ ಹದ ನೋಡುತ್ತಿದ್ದೆವು. ಇಲ್ಲಿ ಆ ಕೆಲಸ ಲೋಹದ ಪುಟ್ಟ ಕಡ್ಡಿಯೊಳಗಿನ ಥರ್ಮಿಸ್ಟರ್‌ನದು. ನೀರು ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ, ಅದನ್ನೇ ಟಬ್ ನಡೆಸುವ ಕಂಟ್ರೋಲ್ ಬೋರ್ಡು ಡಿಗ್ರಿ ಲೆಕ್ಕದಲ್ಲಿ ಓದುತ್ತದೆ. 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಸೆಲ್ಸಿಯಸ್, ದಾಟಿ ಸೆಟ್ ಮಾಡಲು ಆಗುವುದಿಲ್ಲ. ಹೀಟರ್ ಪೈಪಿನಲ್ಲಿ ಇನ್ನೊಂದು ಸೆನ್ಸರ್ ಇದೆ, ಹೈ ಲಿಮಿಟ್ ಅಂತಾರೆ. ಅಲ್ಲಿ ನೀರು 118ರ ಹತ್ತಿರ ಹೋದರೆ ಹೀಟರ್ ಬಂದ್.

ಮೊದಲ ವರ್ಷ ಪದೇ ಪದೇ ಫ್ಲೋ ಎರರ್. ಸೆನ್ಸರ್ ಹೋಗಿದೆ ಅಂದುಕೊಂಡು ಟೆಕ್ನಿಷಿಯನ್‌ನ ಕರೆಸಿದೆ. ಅವನು ಫಿಲ್ಟರ್ ಎತ್ತಿ ಪಕ್ಕಕ್ಕಿಟ್ಟ, ಹೀಟರ್ ಶುರುವಾಯಿತು, ಬಿಲ್ಲೂ ಬಂತು. ಫಿಲ್ಟರ್ ಕಟ್ಟಿಕೊಂಡರೆ ನೀರಿನ ಹರಿವು ಇಳಿಯುತ್ತದೆ, ಪ್ರೆಶರ್ ಸ್ವಿಚ್ ಹೀಟರನ್ನು ಆನ್ ಆಗಲು ಬಿಡುವುದಿಲ್ಲ. ಬಿಡಲೂಬಾರದು, ನಿಂತ ನೀರಲ್ಲಿ ಹೀಟರ್ ಎಲಿಮೆಂಟ್ ಸುಟ್ಟುಹೋಗುತ್ತದೆ. ಈಗ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುತ್ತೇನೆ, ಆ ಎರರ್ ಮತ್ತೆ ಕಂಡಿಲ್ಲ.

ನಿಜಕ್ಕೂ ಹೆದರಿದ್ದು ಮೂರನೇ ಚಳಿಗಾಲದಲ್ಲಿ. ಪ್ಯಾನೆಲ್‌ನಲ್ಲಿ ಆಗಾಗ ಮೂರಕ್ಷರದ ಒಂದು ಕೋಡ್ ಮಿನುಗಿ ಮಾಯವಾಗುತ್ತಿತ್ತು. ಎರಡು ಸೆನ್ಸರ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಅದರ ಅರ್ಥ. ನಾನು ಲಕ್ಷ್ಯ ಕೊಡಲಿಲ್ಲ. ಒಂದು ಸಂಜೆ ಮಗಳು ಕಾಲಿಟ್ಟವಳೇ "ಅಪ್ಪಾ, ಸುಡುತ್ತೆ!" ಅಂದಳು. ಪ್ಯಾನೆಲ್ 101 ತೋರಿಸುತ್ತಿತ್ತು, ತೇಲುವ ಥರ್ಮಾಮೀಟರ್ 107. ನೀರಿನ ಸೆನ್ಸರ್‌ನ ರೆಸಿಸ್ಟೆನ್ಸ್ ಏರಿಬಿಟ್ಟಿತ್ತು. ಬೋರ್ಡಿಗೆ ನೀರು ಇನ್ನೂ ತಣ್ಣಗಿದೆ ಅನಿಸಿ ಕಾಯಿಸುತ್ತಲೇ ಇತ್ತು. ಹೈ ಲಿಮಿಟ್ ಯಾಕೆ ತಡೆಯಲಿಲ್ಲ? ಅದು ಎಚ್ಚರವಾಗುವುದೇ 118ಕ್ಕೆ. 104ಕ್ಕೂ 118ಕ್ಕೂ ನಡುವಿನ ಜಾಗದಲ್ಲಿ ಮಕ್ಕಳನ್ನು ಕಾಯುವವರು ನಾವೇ. ಎರಡೂ ಸೆನ್ಸರ್ ಒಟ್ಟಿಗೆ ಬದಲಾಯಿಸಿದೆ. ಅಂದಿನಿಂದ ಬಾತುಕೋಳಿ ಆಕಾರದ ಆ ಥರ್ಮಾಮೀಟರ್ ನೋಡದೆ ಯಾರೂ ಇಳಿಯುವುದಿಲ್ಲ.

ಹೋದ ಜನವರಿಯಲ್ಲಿ ಲೀಕೇಜ್ ಬ್ರೇಕರ್ ಬಿತ್ತು. ಸುಮಾರು 5 ಮಿಲಿಆಂಪ್ ಕರೆಂಟ್ ಸೋರಿದರೂ ಬೀಳುವ ಬ್ರೇಕರ್ ಅದು. ಎಲಿಮೆಂಟ್ ಬಿರುಕು ಬಿಟ್ಟಿತ್ತು. ನೀರು 44 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದರೆ ಪಂಪು ತಾನೇ ಓಡಿ ಪೈಪು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಆದರೆ ಕರೆಂಟೇ ಇಲ್ಲದಿದ್ದರೆ ಯಾವ ಸೆನ್ಸರ್ ಏನು ಮಾಡೀತು? ಹೊರಗೆ ಮೈನಸ್ 25 ಸೆಲ್ಸಿಯಸ್. ಬೆಳಿಗ್ಗೆ ನೋಡಿದ್ದರಿಂದ ಬಚಾವು, ಮುಚ್ಚಳ ದಪ್ಪಗಿದ್ದರಿಂದ ನೀರು ಇನ್ನೂ 88 ಫ್ಯಾರನ್‌ಹೀಟ್‌ನಲ್ಲಿತ್ತು. ಟೆಕ್ನಿಷಿಯನ್ ಬಂದು ಹೀಟರ್ ವೈರು ಬಿಚ್ಚಿ ಬರೀ ಪಂಪು ಓಡಿಸಿಟ್ಟು ಹೋದ, ಹೊಸ ಎಲಿಮೆಂಟ್ ಬರಲು ನಾಲ್ಕು ದಿನ ಆಯಿತು. ರಜೆಗೆ ಊರಿಗೆ ಹೋಗುವಾಗ ಈಗ ಪಕ್ಕದ ಮನೆಯವರಿಗೆ ಟಬ್ ನೋಡಿಕೊಳ್ಳಲು ಹೇಳಿ ಹೋಗುತ್ತೇವೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕತ್ತರಿಸಿದ್ದು ಆ ಮೂರಕ್ಷರದ ಕೋಡಿಗೆ. ನೀರಿಗಿಳಿಯಬೇಡಿ ಅಂತ ನೇರವಾಗಿ ಬರೆದು ತೋರಿಸಲು ಅವರಿಗೇನು ಕಷ್ಟವಿತ್ತು?