ನಂದಿ ಕಡೆಗೋ, ಮೈಸೂರು ರಸ್ತೆಗೋ? ವೈನರಿ ಮತ್ತು ಕೋಟೆ ಊರಿನ ಒಂದು ದಿನದ ಎರಡು ಪ್ರವಾಸಗಳ ಹೋಲಿಕೆ

ಬೆಂಗಳೂರಿನಿಂದ ಬೆಳಗ್ಗೆ ಹೊರಟು, ಒಂದು ವೈನರಿ (ವೈನ್ ತಯಾರಿಸುವ ಜಾಗ), ಒಂದು ಹಳೇ ಊರು ನೋಡಿಕೊಂಡು ರಾತ್ರಿ ಊಟಕ್ಕೆ ಮನೆ ಸೇರಬೇಕೆಂದರೆ ಇರುವುದು ಎರಡು ದಾರಿ. ಉತ್ತರಕ್ಕೆ ಹೋದರೆ ದೇವನಹಳ್ಳಿ ಕೋಟೆ, ನಂದಿ ಗ್ರಾಮ, ದೊಡ್ಡಬಳ್ಳಾಪುರ ತಾಲ್ಲೂಕಿನ ಗ್ರೋವರ್ ಜಂಪಾ ವೈನರಿ. ಮೈಸೂರು ರಸ್ತೆ ಹಿಡಿದರೆ ಶ್ರೀರಂಗಪಟ್ಟಣ, ಚನ್ನಪಟ್ಟಣ ಕಡೆಯ ಹೆರಿಟೇಜ್ ವೈನರಿ. ಟಿಪ್ಪು ಸುಲ್ತಾನ್ ಹುಟ್ಟಿದ್ದು ದೇವನಹಳ್ಳಿಯಲ್ಲಿ, ಮಡಿದದ್ದು ಶ್ರೀರಂಗಪಟ್ಟಣದಲ್ಲಿ. ಹಾಗಾಗಿ ಗೈಡುಗಳು ಹೇಳುವ ಕಥೆ ಎರಡೂ ಕಡೆ ಅರ್ಧಕ್ಕರ್ಧ ಒಂದೇ. ಉಳಿದದ್ದರಲ್ಲಿ ಸಾಮ್ಯ ಕಡಿಮೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ವೈನ್ ಹೇಗೆ ತಯಾರಾಗುತ್ತದೆಂದು ನೋಡುವ ಆಸೆಯಿದ್ದರೆ ನಂದಿ ಕಡೆ. ಊರು, ಇತಿಹಾಸ ಮುಖ್ಯವಾದರೆ ಶ್ರೀರಂಗಪಟ್ಟಣ. ಆದರೆ ಯಾವ ದಾರಿ ಹಿಡಿದರೂ ದಿನ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಯಾವುದನ್ನು ಮೊದಲು ನೋಡಬೇಕು ಎಂಬ ಸರದಿ ತಪ್ಪುವುದು.

ಸರದಿಯ ವಿಷಯ

ಮೈಸೂರು ರಸ್ತೆಯ ಪ್ಯಾಕೇಜುಗಳಲ್ಲಿ ಹೆಚ್ಚಿನವು ವೈನರಿಯನ್ನು ಮೊದಲು ಇಡುತ್ತವೆ, ಹೋಗುವ ದಾರಿಯಲ್ಲೇ ಸಿಗುತ್ತದಲ್ಲ ಎಂದು. ನಕ್ಷೆಯ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆಗುವುದೇನು? ಹನ್ನೊಂದಕ್ಕೆ ಟೇಸ್ಟಿಂಗ್, ಅಲ್ಲೇ ಊಟ, ಎದ್ದು ಹೊರಡುವಾಗ ಒಂದೂವರೆ. ಶ್ರೀರಂಗಪಟ್ಟಣ ತಲುಪುವಾಗ ಮೂರರ ಹತ್ತಿರ. ರಂಗನಾಥಸ್ವಾಮಿ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕಿ ಸಂಜೆಗೆ ತೆಗೆಯುತ್ತದೆ. ಕೋಟೆಯೊಳಗೆ ನೆರಳು ಕಡಿಮೆ, ವೈನ್ ಕುಡಿದವರಿಗೆ ತೂಕಡಿಕೆ, ಗೈಡ್ ಹೇಳುವುದು ಯಾರ ಕಿವಿಗೂ ಹೋಗುವುದಿಲ್ಲ. ಇನ್ನೊಂದು ಮಾತು. ಗುಂಪಿನಲ್ಲಿ ಅಪ್ಪ ಅಮ್ಮ, ಅತ್ತೆ ಮಾವ ಇದ್ದರೆ ‘ಕುಡಿದು ದೇವಸ್ಥಾನಕ್ಕೆ ಹೋಗೋದಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕೊಡುವುದಕ್ಕಿಂತ ಸರದಿ ತಿರುಗಿಸುವುದು ಸುಲಭ.

ಆರೂವರೆಗೆ ಹೊರಡಿ. ತಿಂಡಿ ರಾಮನಗರದಲ್ಲೋ ಮದ್ದೂರಿನಲ್ಲೋ ಮುಗಿಸಿ ಒಂಬತ್ತೂವರೆಯೊಳಗೆ ಶ್ರೀರಂಗಪಟ್ಟಣ. ದೇವಸ್ಥಾನ, ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಗುಂಬಜ್ ಮುಗಿದಾಗ ಒಂದು ಗಂಟೆ. ಎರಡೂಕಾಲಿಗೆ ವೈನರಿ, ಊಟ, ಟೂರ್. ನಾಲ್ಕೂವರೆಗೆ ಚನ್ನಪಟ್ಟಣದ ಗೊಂಬೆ ಅಂಗಡಿ. ಕೆಂಗೇರಿಯಿಂದ ಮುಂದೆ ಸಂಜೆಯ ಟ್ರಾಫಿಕ್ ಹೇಗಿದ್ದರೂ ಸಿಕ್ಕೇ ಸಿಗುತ್ತದೆ. ಅದನ್ನು ವೈನ್ ಕುಡಿದು ನಿದ್ದೆ ಹೋಗಿ ಕಳೆಯುವುದೇ ವಾಸಿ.

ನಂದಿ ಕಡೆ ಸರದಿ ಅಷ್ಟು ಬಿಗಿಯಲ್ಲ. ದೂರ ಕಡಿಮೆ, ಒಟ್ಟು ಸುತ್ತು 120ರಿಂದ 135 ಕಿ.ಮೀ. ಆದರೂ ಎಂಟೂವರೆಗೆ ದೇವನಹಳ್ಳಿ, ಹತ್ತಕ್ಕೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ, ಮಧ್ಯಾಹ್ನದ ಸ್ಲಾಟ್‌ಗೆ ವೈನರಿ ಎಂದಿಟ್ಟುಕೊಂಡರೆ ಸಲೀಸು. ಶನಿವಾರ, ಭಾನುವಾರ ಮಾತ್ರ ಎಚ್ಚರ. ಸೂರ್ಯೋದಯಕ್ಕೆ ನಂದಿ ಬೆಟ್ಟ ಹತ್ತಿದವರೆಲ್ಲ ಒಂಬತ್ತರಿಂದ ಹತ್ತರ ನಡುವೆ ಕೆಳಗಿಳಿಯುತ್ತಾರೆ, ಬೆಟ್ಟದ ಬುಡದ ರಸ್ತೆ ಕಟ್ಟಿಕೊಳ್ಳುತ್ತದೆ. ಬೆಟ್ಟವನ್ನೂ ಇದೇ ದಿನಕ್ಕೆ ತುರುಕುವ ಪ್ಯಾಕೇಜ್ ಬೇಡ.

ವೈನರಿ: ಒಳಗೆ ಏನು ಕಾಣುತ್ತದೆ

ಇಲ್ಲಿ ನಂದಿ ಕಡೆಯದೇ ಮೇಲುಗೈ. ಕನ್ವಲ್ ಗ್ರೋವರ್ ಫ್ರಾನ್ಸಿನ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು 1988ರಲ್ಲಿ ಶುರುಮಾಡಿದ ತೋಟ ಇದು. 1990ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. 2012ರಲ್ಲಿ ನಾಸಿಕ್ ಕಡೆಯ ಜಂಪಾ ಜೊತೆ ಸೇರಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಹಗಲು ಬಿಸಿಲು, ರಾತ್ರಿ ತಂಪು. ಈ ವ್ಯತ್ಯಾಸ ಇರುವುದರಿಂದಲೇ ಹಣ್ಣಿನಲ್ಲಿ ಸಕ್ಕರೆ ಏರಿದರೂ ಹುಳಿ ಪೂರ್ತಿ ಇಳಿದುಹೋಗುವುದಿಲ್ಲ. ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್, ಬಿಳಿಯಲ್ಲಿ ಸೋವಿನ್ಯೋನ್ ಬ್ಲಾಂ, ವಿಯೋನ್ಯೆ ಇಲ್ಲಿನ ಮುಖ್ಯ ತಳಿಗಳು.

ದಾರಿಯಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಿ. ರಸ್ತೆ ಬದಿ ತಲೆ ಮೇಲೆ ಚಪ್ಪರ ಹಾಕಿದ ತೋಟಗಳು ಹೆಚ್ಚಾಗಿ ಬೆಂಗಳೂರು ನೀಲಿ, ದಿಲ್‌ಖುಷ್ ತರಹದ ದ್ರಾಕ್ಷಿಯವು, ತಿನ್ನಲು ಮತ್ತು ಜ್ಯೂಸಿಗೆ. ವೈನ್ ದ್ರಾಕ್ಷಿಯನ್ನು ತಂತಿ ಬೇಲಿಯ ಹಾಗೆ ಸಾಲು ಸಾಲಾಗಿ ನೆಟ್ಟಗೆ ಹಬ್ಬಿಸುತ್ತಾರೆ. ಕಾಯಿ ಸಣ್ಣದು, ತಿರುಳಿಗೆ ಹೋಲಿಸಿದರೆ ಸಿಪ್ಪೆ, ಬೀಜ ಜಾಸ್ತಿ. ಚಪ್ಪರ ತೋರಿಸಿ ‘ಇದೇ ವೈನ್ ತೋಟ’ ಎನ್ನುವ ಗೈಡ್ ಸಿಕ್ಕರೆ ಅವನ ಮಿಕ್ಕ ಮಾತನ್ನೂ ಅರ್ಧ ಬೆಲೆಗೆ ತೆಗೆದುಕೊಳ್ಳಿ.

ಒಳಗಿನ ಟೂರ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಗೊಂಚಲಿನಿಂದ ಕಾಯಿ ಬಿಡಿಸಿ ಒಡೆಯುವ ಯಂತ್ರ, ಹಿಂಡುವ ಪ್ರೆಸ್, ಸ್ಟೀಲ್ ಟ್ಯಾಂಕುಗಳು, ಆಮೇಲೆ ಓಕ್ ಪೀಪಾಯಿಗಳ ತಣ್ಣನೆ ಕೋಣೆ. ಟ್ಯಾಂಕಿನ ಹೊಟ್ಟೆಗೆ ಸುತ್ತಿದ ಜಾಕೆಟ್ ಗಮನಿಸಿ. ಅದರೊಳಗೆ ತಣ್ಣೀರು ಓಡುತ್ತಿರುತ್ತದೆ. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ. ಬಿಳಿ ವೈನನ್ನು 12ರಿಂದ 18 ಡಿಗ್ರಿಯಲ್ಲಿ ಹಿಡಿದಿಡದಿದ್ದರೆ ಹೂವಿನ, ಹಣ್ಣಿನ ಪರಿಮಳ ಹಾರಿಹೋಗುತ್ತದೆ. ಕೆಂಪು ವೈನ್ 24ರಿಂದ 30 ಡಿಗ್ರಿವರೆಗೂ ತಡೆಯುತ್ತದೆ, ಸಿಪ್ಪೆಯ ಬಣ್ಣ, ಒಗರು ಇಳಿಯಬೇಕಾದರೆ ಅಷ್ಟು ಬಿಸಿ ಬೇಕೂ ಬೇಕು. ಪೀಪಾಯಿ ಸಾಮಾನ್ಯವಾಗಿ 225 ಲೀಟರಿನದು, ಅಂದರೆ 750 ಮಿ.ಲೀ.ನ 300 ಬಾಟಲಿ.

ಚನ್ನಪಟ್ಟಣ ಕಡೆಯ ಟೂರ್‌ನಲ್ಲಿ ಯಂತ್ರಗಳ ಪಾಠ ಕಡಿಮೆ, ಹೊರಗಿನ ಓಡಾಟ ಮತ್ತು ಊಟ ಹೆಚ್ಚು. ಹೆದ್ದಾರಿಗೆ ಹತ್ತಿರ, ರೆಸ್ಟೋರೆಂಟ್ ಅಲ್ಲೇ ಇದೆ, ಮಕ್ಕಳಿಗೆ ಓಡಾಡಲು ಜಾಗ ಇದೆ. ಸೀಸನ್‌ನಲ್ಲಿ ದ್ರಾಕ್ಷಿ ತುಳಿಯುವ ಆಟವನ್ನೂ ಇಡುತ್ತಾರೆ. ತುಳಿದದ್ದು ಬಾಟಲಿ ಸೇರುವುದಿಲ್ಲ, ಅದು ಫೋಟೋಕ್ಕೆ. ಹಳೇ ಬಟ್ಟೆ ಒಂದು ಜೊತೆ ಇರಲಿ, ಕಲೆ ಹೋಗುವುದಿಲ್ಲ. ವೈನ್ ಬಗ್ಗೆ ಅಷ್ಟೇನೂ ತಲೆಕೆಡಿಸಿಕೊಳ್ಳದ ಹತ್ತು ಹನ್ನೆರಡು ಜನರ ಗುಂಪಿಗೆ ಇದೇ ಹೆಚ್ಚು ಒಗ್ಗುತ್ತದೆ.

ಯಾವ ತಿಂಗಳು ಎಂಬುದೂ ದೊಡ್ಡ ವ್ಯತ್ಯಾಸ ಮಾಡುತ್ತದೆ. ನಮ್ಮ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ: ಕೊಯ್ಲಾದ ಮೇಲೆ ಏಪ್ರಿಲ್ ಹೊತ್ತಿಗೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಎರಡನೆಯದರಿಂದ ಬರುವ ಗೊಂಚಲನ್ನು ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಕೊಯ್ಯುತ್ತಾರೆ. ತೋಟದಲ್ಲಿ ಹಣ್ಣು, ಒಳಗೆ ಯಂತ್ರದ ಸದ್ದು ಎರಡೂ ಬೇಕಾದರೆ ಫೆಬ್ರವರಿ. ಏಪ್ರಿಲ್ ಕೊನೆಗೆ ಹೋದರೆ ನೋಡಸಿಗುವುದು ಬೋಳು ಕಡ್ಡಿ. ವಾರದ ದಿನವಾದರೆ ಬಾಟಲಿ ತುಂಬುವ ಸಾಲು ನಡೆಯುತ್ತಿರುವ ಸಾಧ್ಯತೆ ಹೆಚ್ಚು. ಭಾನುವಾರ ಯಂತ್ರ ನಿಂತಿರುತ್ತದೆ, ಜನ ಮಾತ್ರ ಓಡಾಡುತ್ತಿರುತ್ತಾರೆ. ದೊಡ್ಡ ಗುಂಪಿನ ಹಿಂದಿನ ಸಾಲಿಗೆ ತಂಪು ಮಾಡುವ ಯಂತ್ರದ ಸದ್ದಿನ ನಡುವೆ ಗೈಡ್ ದನಿ ಕೇಳುವುದೇ ಇಲ್ಲ.

ಐದು ಲೋಟ, ಒಂದು ಲೆಕ್ಕ

ಟೇಸ್ಟಿಂಗ್ ಅಂದರೆ ತಲಾ 30 ಮಿ.ಲೀ.ನಂತೆ ನಾಲ್ಕರಿಂದ ಆರು ವೈನ್. ಬಿಳಿ, ರೋಸೆ (ಗುಲಾಬಿ ಬಣ್ಣದ್ದು), ಕೆಂಪು, ಕೊನೆಗೆ ಸಿಹಿ. ಈ ಕ್ರಮ ತಿರುವುಮುರುವಾದರೆ ಹಿಂದಿನ ಒಗರು, ಸಿಹಿ ನಾಲಿಗೆ ಮೇಲೆ ಕೂತು ಮುಂದಿನದು ನೀರು ನೀರಾಗಿ ಕಾಣುತ್ತದೆ. ಟೇಸ್ಟಿಂಗ್‌ಗೆ ಮೊದಲು ಆಂಧ್ರ ಊಟ ಬೇಡ, ಖಾರದ ಮೇಲೆ ಕೆಂಪು ವೈನ್ ಬರೀ ಉರಿ ಅನ್ನಿಸುತ್ತದೆ. ಹಾಗೆಂದು ಖಾಲಿ ಹೊಟ್ಟೆಯೂ ಬೇಡ. ಇಡ್ಲಿ, ಮೊಸರನ್ನದಂಥದ್ದು ಸಾಕು.

‘ಅಷ್ಟು ಚೂರು ಕುಡಿದರೆ ಗಾಡಿ ಓಡಿಸಬಹುದು’ ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಐದು ಸಲ 30 ಅಂದರೆ 150 ಮಿ.ಲೀ. ಶೇ 13ರ ವೈನಾದರೆ ಅದರಲ್ಲಿ ಆಲ್ಕೋಹಾಲ್ ಸುಮಾರು 15 ಗ್ರಾಂ. 60 ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಇದು 100 ಮಿ.ಲೀ.ಗೆ 35–38 ಮಿಲಿಗ್ರಾಂ ತನಕ ಹೋಗಬಹುದು, ಅದೇ ತೂಕದ ಹೆಂಗಸಿಗೆ ಇನ್ನೂ ಹೆಚ್ಚು. ಕಾನೂನಿನ ಮಿತಿ 30. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ವಂತ ಕಾರಿಗಿಂತ ಗೈಡೆಡ್ ಟೂರ್ ಮೇಲು ಎನ್ನಲು ನಮ್ಮ ಮೊದಲ ಕಾರಣ ಇದೇ. ಉಗುಳುವ ಬಕೆಟ್ ಕೇಳಿದರೆ ಕೊಡುತ್ತಾರೆ, ನಾಚಿಕೆ ಬೇಡ, ವೈನ್ ತಯಾರಿಸುವವರೇ ಉಗುಳುತ್ತಾರೆ.

ಊರು: ಇಲ್ಲಿ ಲೆಕ್ಕ ತಲೆಕೆಳಗು

ದೇವನಹಳ್ಳಿ ಕೋಟೆ ಮುಕ್ಕಾಲು ಗಂಟೆಯ ಊರು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿದ ಮಣ್ಣಿನ ಕೋಟೆ, ಆಮೇಲೆ ಹೈದರ್ ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಇಂಗ್ಲಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಾಲಾಯಿತು. ಒಳಗೆ ಈಗಲೂ ಜನರ ವಾಸ, ವೇಣುಗೋಪಾಲಸ್ವಾಮಿ ದೇವಸ್ಥಾನವಿದೆ. ಟಿಪ್ಪು ಹುಟ್ಟಿದ ಜಾಗ ಎಂಬುದು ಕೋಟೆಯ ಹೊರಗೆ ಒಂದು ಪುಟ್ಟ ಕಂಬದ ಕಟ್ಟೆ ಅಷ್ಟೆ. ಫಲಕಗಳು ಕಡಿಮೆ. ಜೊತೆಗೆ ಬಂದ ಗೈಡ್ ಬಾಯಿಬಿಡದಿದ್ದರೆ ಗೋಡೆ ನೋಡಿ ವಾಪಸ್. ಈ ದಾರಿಯಲ್ಲಿ ನಿಜಕ್ಕೂ ನಿಂತು ನೋಡುವಂಥದ್ದು ಭೋಗನಂದೀಶ್ವರ. ಅದರ ಮೂಲ ಒಂಬತ್ತನೇ ಶತಮಾನಕ್ಕೆ ಹೋಗುತ್ತದೆ. ಅರುಣಾಚಲೇಶ್ವರ, ಭೋಗನಂದೀಶ್ವರ ಎರಡು ಗುಡಿಗಳ ನಡುವಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಿಗೇ ಅರ್ಧ ಗಂಟೆ ಕೊಡಬಹುದು.

ಶ್ರೀರಂಗಪಟ್ಟಣ ಬೇರೆಯದೇ ತೂಕದ್ದು. ಸುತ್ತ ಕಾವೇರಿ, ನಡುವೆ ಕೋಟೆ, ಅದರೊಳಗೊಂದು ಊರು. ನೀವು ಕೇಳಬೇಕಾದ ಕಥೆ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದಿಂದ ಟಿಪ್ಪು ಮಡಿದ 1799ರ ಮೇ 4ರವರೆಗಿನದು, ಅದರ ಎರಡೂ ತುದಿ ಇಲ್ಲಿವೆ. ಪೊಳ್ಳಿಲೂರಿನಲ್ಲಿ ಸೋತ ಇಂಗ್ಲಿಷ್ ಸೇನಾನಿ ಬೈಲಿಯ ಹೆಸರಿನ ಬಂದೀಖಾನೆ ಕೋಟೆಯೊಳಗಿದೆ. ಅದೇ ಯುದ್ಧದ ಚಿತ್ರ, 1784ರಲ್ಲಿ ಮುಗಿದ ದರಿಯಾ ದೌಲತ್‌ನ ಪಶ್ಚಿಮ ಗೋಡೆ ಮೇಲಿದೆ. ಚೌಕಾಕಾರದಲ್ಲಿ ನಿಂತ ಇಂಗ್ಲಿಷ್ ಪಡೆ, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕೂತ ಬೈಲಿ, ಹಿಂದೆ ಸಿಡಿಯುತ್ತಿರುವ ಮದ್ದಿನ ಬಂಡಿ. ಹೊರಗಿನ ಬಿಸಿಲಿನಿಂದ ಬಂದವರಿಗೆ ಹಸಿರು ಪರದೆಗಳ ಮಬ್ಬಿನಲ್ಲಿ ಮೊದಲು ಏನೂ ಕಾಣುವುದಿಲ್ಲ. ಎರಡು ನಿಮಿಷ ನಿಂತರೆ ಕುದುರೆಗಳ ಸಾಲು ಒಂದೊಂದಾಗಿ ಮೂಡುತ್ತದೆ. ಗೈಡುಗಳು ಆ ಎರಡು ನಿಮಿಷ ಕೊಡುವುದಿಲ್ಲ, ಕೇಳಿ ಪಡೆಯಬೇಕು. ಬಂದೀಖಾನೆ ಮೊದಲು, ಗೋಡೆಚಿತ್ರ ಆಮೇಲೆ ನೋಡಿದರೆ ಕಥೆ ಕೂಡಿಕೊಳ್ಳುತ್ತದೆ. ಹೈದರ್, ಟಿಪ್ಪು ಸಮಾಧಿಯಿರುವ ಗುಂಬಜ್ ಕೊನೆಗೆ. ಕೋಟೆಯಿಂದ ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರವಲ್ಲ. ಸ್ಥಳೀಯ ಗೈಡ್ ಹಿಡಿಯುವುದಾದರೆ ಗುರುತಿನ ಚೀಟಿ ನೋಡಿ, ಯಾವ ಯಾವ ಜಾಗ ಎಂದು ಮೊದಲೇ ಮಾತಾಡಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಸಂಗಮದಲ್ಲಿ ಇಳಿಯಲು ಬಿಡುವುದಿಲ್ಲ, ಅದನ್ನು ನಂಬಿ ದಿನ ಹಾಕಿಕೊಳ್ಳಬೇಡಿ.

ಗಾಡಿ, ದುಡ್ಡು

ಹಂಚಿಕೆಯ ಟೂರ್‌ನಲ್ಲಿ 12 ಸೀಟಿನ ಟಿಟಿ (ಟೆಂಪೊ ಟ್ರಾವೆಲರ್), ಐದಾರು ಕಡೆ ಪಿಕಪ್. ಪಿಕಪ್ಪಿಗೇ ಒಂದೂವರೆ ಗಂಟೆ ಹೋಗುವುದುಂಟು, ಹತ್ತುವುದಾದರೆ ಕೊನೆಯ ಪಿಕಪ್ಪಿನಲ್ಲಿ ಹತ್ತಿ. ಬುಕ್ ಮಾಡುವ ಮುನ್ನ ಕೇಳಬೇಕಾದದ್ದು: ಗೈಡ್ ಗಾಡಿಯಲ್ಲಿ ಜೊತೆಗೆ ಬರುತ್ತಾರೋ ಅಥವಾ ಡ್ರೈವರೇ ಗೈಡೋ, ಟೇಸ್ಟಿಂಗ್ ಟಿಕೆಟ್ ಸೇರಿದೆಯೋ, ಎಷ್ಟು ವೈನ್, ಕುಡಿಯದವರಿಗೆ ದರ ಕಡಿಮೆಯೋ. ಈ ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಟೇಸ್ಟಿಂಗ್ 21 ತುಂಬಿದವರಿಗೆ ಮಾತ್ರ, ಕಾಲೇಜು ಮಕ್ಕಳಿದ್ದರೆ ಆಧಾರ್ ಜೊತೆಗಿರಲಿ.

ನಾಲ್ಕು ಜನರಿದ್ದರೆ ಸ್ವಂತ ಕ್ಯಾಬ್ ಮಾಡಿ ವೈನರಿಯ ಟೂರನ್ನು ನೇರವಾಗಿ ಬುಕ್ ಮಾಡುವುದೇ ಲೇಸು. ಶ್ರೀರಂಗಪಟ್ಟಣ ಹೋಗಿಬರಲು 250 ಕಿ.ಮೀ. ದಾಟುತ್ತದೆ, ಔಟ್‌ಸ್ಟೇಷನ್ ಕ್ಯಾಬಿನ ದಿನದ ಕನಿಷ್ಠ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ, ದುಡ್ಡು ಪೋಲಾಗುವುದಿಲ್ಲ. ನಂದಿ ಸುತ್ತಿಗೆ ಔಟ್‌ಸ್ಟೇಷನ್ ದರ ಕೊಟ್ಟರೆ ಓಡಿಸದ ನೂರು ಕಿ.ಮೀ.ಗೂ ಕೊಟ್ಟಂತೆ. 8 ಗಂಟೆ–80 ಕಿ.ಮೀ. ಪ್ಯಾಕೇಜಿನ ಮೇಲೆ ಹೆಚ್ಚುವರಿ ಕಿ.ಮೀ. ಕೊಡುವುದು ಅಗ್ಗವಾಗುತ್ತದೆಯೇ ಎಂದು ಕೂಡಿ ನೋಡಿ.

ಮೈಸೂರು ರಸ್ತೆಯಲ್ಲಿ ಡ್ರೈವರ್‌ಗೆ ಒಂದು ಮಾತು ಹೇಳಿಡಿ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರು ಯಾವ ಊರಿನೊಳಕ್ಕೂ ಹೋಗದೆ ಹೊರಗಿನಿಂದಲೇ ಸಾಗುತ್ತದೆ. ವೈನರಿ, ಗೊಂಬೆ ಅಂಗಡಿ, ಮದ್ದೂರು ವಡೆ ಎಲ್ಲ ಇರುವುದು ಹಳೇ ರಸ್ತೆಯಲ್ಲಿ. ಎಕ್ಸಿಟ್ ತಪ್ಪಿಸಿಕೊಂಡರೆ ತಿರುಗಿ ಬರಲು ಬಹಳ ದೂರ ಹೋಗಬೇಕು.

ಕೊಂಡ ಬಾಟಲಿಗಳನ್ನು ಡಿಕ್ಕಿಯಲ್ಲಿ ಬಿಡಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕಾರ್ಕ್ ಮೇಲೇಳುತ್ತದೆ, ವೈನ್ ಬೇಯಿಸಿದ ಹಣ್ಣಿನ ವಾಸನೆ ಹೊಡೆಯುತ್ತದೆ. ಥರ್ಮೊಕೋಲ್ ಡಬ್ಬಿಯಲ್ಲಿ ಮಲಗಿಸಿ ಸೀಟಿನ ಕಾಲಬುಡದಲ್ಲಿ ಇಡಿ, ಬಿಲ್ ಜೊತೆಗಿರಲಿ. ಕೊನೆಯ ನಿಲುಗಡೆ ವೈನರಿಯೇ ಆದರೆ ಈ ತಾಪತ್ರಯ ಅರ್ಧ ಕಡಿಮೆ. ಬುಕ್ ಮಾಡುವ ಮುನ್ನ ಡ್ರೈ ಡೇ (ಮದ್ಯ ಮಾರಾಟವಿಲ್ಲದ ದಿನ) ಪಟ್ಟಿ ನೋಡಿ: ಅಕ್ಟೋಬರ್ 2 ಎಲ್ಲರಿಗೂ ಗೊತ್ತು, ಚುನಾವಣೆಯ ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಮರೆತುಹೋಗುತ್ತದೆ. ಆ ದಿನ ಟ್ಯಾಂಕು, ಪೀಪಾಯಿ ನೋಡಲು ಬಿಟ್ಟರೂ ಲೋಟಕ್ಕೆ ಹನಿ ಬೀಳುವುದಿಲ್ಲ.